ಇಲಿ ಚಿತ್ರದ ವ್ಯಾನಿನಲ್ಲಿ ಕ್ಯಾಲಿಫೋರ್ನಿಯಾ

ಲಾಸ್ ಏಂಜಲೀಸ್, ವಿಮಾನ ನಿಲ್ದಾಣ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮೂರಿನವರು ಏನೇನು ನೋಡಿದಿರಿ ಎಂದು ಕೇಳುತ್ತಾರೆ. ಹಾಲಿವುಡ್ ನೋಡಿದಿರಾ, ಸಮುದ್ರ ನೋಡಿದಿರಾ ಎನ್ನುತ್ತಾರೆ. ನಾನು ನೋಡಿದ್ದು ಅಲ್ಲಿನ ಮನೆಗಳ ಅಟ್ಟ. ಸಮುದ್ರವನ್ನೂ ನೋಡಿದೆ, ಆದರೆ ವ್ಯಾನಿನ ಕಿಟಕಿಯಿಂದ, ಕಾಲ ಬುಡದಲ್ಲಿ ಇಲಿ ಬೋನುಗಳನ್ನು ಇಟ್ಟುಕೊಂಡು. ಹೀಗೆ ಹೇಳಿದಾಗ ಕೆಲವರು ಅಯ್ಯೋ ಪಾಪ ಎನ್ನುವಂತೆ ಮುಖ ಮಾಡುತ್ತಾರೆ. ಪಾಪ ಎನ್ನುವಂಥದ್ದು ಏನೂ ಆಗಲಿಲ್ಲ. ಅದನ್ನು ತಿಳಿಸಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಗದಗಿನವಳು, ಸ್ಟಾಫ್ ನರ್ಸ್ ಆಗಿ ನಿವೃತ್ತಳಾದವಳು. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಹೆಡ್ಮಾಸ್ತರರಾಗಿದ್ದವರು. ಅವರ ಕಡೆಯ ತಂಗಿ ವಿಜಯಾ ಮದುವೆಯಾದಾಗಿನಿಂದ ಸ್ಯಾನ್ ಡಿಯಾಗೋದಲ್ಲಿದ್ದಾಳೆ. ಟೆಲಿಕಾಂ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದಳು. ಕೊರೋನಾ ಕಳೆದ ಮೇಲೆ ಆ ಕಂಪನಿ ಒಂದಿಷ್ಟು ಜನರನ್ನು ಕೆಲಸದಿಂದ ತೆಗೆಯಿತು, ಅವರಲ್ಲಿ ಇವಳೂ ಒಬ್ಬಳು. ಆಮೇಲೆ ಅವಳು ಮನೆಮನೆಗೆ ಹೋಗಿ ಇಲಿ ಹಿಡಿಯುವ, ಇಲಿ ಒಳಬರುವ ದಾರಿ ಮುಚ್ಚುವ ಕೆಲಸ ಹಿಡಿದಳು. ಅದನ್ನು ಅವಳು ನಮಗೆ ಹೇಳಿರಲಿಲ್ಲ. ನೀಲಿ ಮೇಲಂಗಿ ತೊಟ್ಟು, ಸತ್ತ ಇಲಿಯೊಂದನ್ನು ಬಾಲ ಹಿಡಿದು ಎತ್ತಿದ ಅವಳ ಫೋಟೋ ಯಾರ ಯಾರದೋ ಮೊಬೈಲು ದಾಟಿ ಹುಬ್ಬಳ್ಳಿಯ ನೆಂಟರ ಮನೆಗೆ ಬಂದು, ಅಲ್ಲಿಂದ ನಮ್ಮ ಮನೆಗೆ ಬಂತು. ನಮ್ಮ ಮನೆಯವರು ಅದನ್ನು ಒಮ್ಮೆ ನೋಡಿ ಫೋನು ಬೋರಲು ಹಾಕಿದರು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಅವರ ಮೊಣಕಾಲು ನೆಟ್ಟಗಿಲ್ಲ, ಅಷ್ಟು ದೂರ ಕೂತು ಹೋಗುವಂತಿರಲಿಲ್ಲ. ಹಾಗಾಗಿ ನನ್ನನ್ನು ಕಳಿಸಿದರು. ಮಾತು ಒಂದೇ. ನಿನ್ನ ಮಾತು ಆಕೆ ಕೇಳುತ್ತಾಳೆ, ಅದನ್ನು ಬಿಡಿಸಿ ಬಾ. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ವೀಸಾ ಬಂತು, ಹೊರಟೆ.

ನಾದಿನಿಗೆ ಚಟ್ನಿಪುಡಿ, ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದೆ. ಜೊತೆಗೆ, ಅವಳ ಕೆಲಸಕ್ಕೆ ಅನುಕೂಲವಾದೀತೆಂದು, ಇರುವೆ ಬರದಂತೆ ನೆಲಕ್ಕೆ ಗೆರೆ ಎಳೆಯುವ ಸೀಮೆಸುಣ್ಣದ ಪೆಟ್ಟಿಗೆಗಳನ್ನೂ ಇಟ್ಟುಕೊಂಡಿದ್ದೆ. ಕಸ್ಟಮ್ಸ್ ಅಧಿಕಾರಿ ಹೋಳಿಗೆ ಬಿಟ್ಟ, ಚಟ್ನಿಪುಡಿ ಬಿಟ್ಟ, ಸೀಮೆಸುಣ್ಣ ಹಿಡಿದ. ಬರೆಯಲಿಕ್ಕಾ ಎಂದು ಕೇಳಿದ. ಸುಳ್ಳು ಹೇಳಿ ರೂಢಿಯಿಲ್ಲ, ಇರುವೆ ಕೊಲ್ಲಲಿಕ್ಕೆ ಎಂದೆ. ಕೈಗೆ ಗ್ಲೌಸ್ ಹಾಕಿಕೊಂಡು ಎಲ್ಲವನ್ನೂ ಎತ್ತಿಟ್ಟುಕೊಂಡ. ಅದು ವಿಷವಂತೆ, ಆ ದೇಶದಲ್ಲಿ ಮಾರುವಂತಿಲ್ಲವಂತೆ. ನಮ್ಮಲ್ಲಿ ಕಿರಾಣಿ ಅಂಗಡಿಯಲ್ಲಿ ಬಿಸ್ಕೀಟಿನ ಪಕ್ಕದಲ್ಲೇ ಇಟ್ಟಿರುತ್ತಾರೆ.

ಹೊರಗೆ ವಿಜಯಾ ನಿಂತಿದ್ದಳು. ಕಾಲು ಮುಟ್ಟಿ ನಮಸ್ಕಾರ ಮಾಡಿ ನನ್ನ ಬ್ಯಾಗು ಕಸಿದುಕೊಂಡಳು. ಸೀಮೆಸುಣ್ಣದ ಕಥೆ ಕೇಳಿ ಅಲ್ಲೇ ಗೋಡೆಗೆ ಒರಗಿ ನಕ್ಕಳು. ಅವಳ ಹಿಂದೆ ಹೋದರೆ, ಕಾರುಗಳ ಸಾಲಿನಲ್ಲಿ ಒಂದು ಬಿಳಿ ವ್ಯಾನು. ಅದರ ಎರಡೂ ಬದಿಗೆ ಆಳೆತ್ತರದ ಇಲಿಯ ಚಿತ್ರ, ಅದರ ಮೇಲೆ ಅಡ್ಡಲಾಗಿ ಕೆಂಪು ಗೆರೆ, ವ್ಯಾನಿನ ತಲೆಯ ಮೇಲೆ ಏಣಿ.

"ಕಾರ್ ತರಬೋದಿತ್ತಲ್ಲ" ಎಂದೆ.

"ತರಬೋದಿತ್ರಿ ವೈನಿ" ಎಂದಳು. "ನೀವು ಯಾಕ ಬಂದೀರಂತ ನನಗ ಗೊತ್ತೈತಿ. ಅದಕ್ಕ ಇದನ್ನ ತಂದೆ. ಹತ್ತ್ರಿ."

ಫೋರ್ ಎಸ್ ರ್ಯಾಂಚ್

ಸ್ಯಾನ್ ಡಿಯಾಗೋದ ಉತ್ತರಕ್ಕಿರುವ ಈ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಬಣ್ಣ. ಹಸಿ ಕಡಲೆಹಿಟ್ಟಿನ ಬಣ್ಣ. ಮೊದಲ ದಿನ ಸಂಜೆ ನಾನೊಬ್ಬಳೇ ಅಡ್ಡಾಡಿ ಬರಲು ಹೋಗಿ ಯಾರದೋ ಬಾಗಿಲ ಬೆಲ್ಲು ಒತ್ತಿದೆ. ಒಳಗಿನಿಂದ ಬಂದ ಚೀನೀ ಹೆಂಗಸು ನನ್ನನ್ನು ನೋಡಿ, ನಾನು ಯಾವ ಮನೆಯವಳೆಂದು ಕೇಳಲೂ ಇಲ್ಲ. ಎದುರಿನ ಸಾಲು ತೋರಿಸಿದಳು. ಮಕ್ಕಳ ಮನೆಗೆ ಬಂದಿರುವ ಅಜ್ಜ ಅಜ್ಜಿಯರಲ್ಲಿ ದಿನಾ ಯಾರಾದರೊಬ್ಬರು ಹೀಗೆ ಮನೆ ತಪ್ಪಿ ಬರುತ್ತಾರೆಂದು ಆಮೇಲೆ ತಿಳಿಯಿತು.

ಕ್ಯಾಲಿಫೋರ್ನಿಯಾ ಎಂದರೆ ಬಿಸಿಲು ಎಂದುಕೊಂಡು ನೂಲಿನ ಸೀರೆಗಳನ್ನೇ ತಂದಿದ್ದೆ. ಅಕ್ಟೋಬರಿನಲ್ಲಿ ಹಗಲು ಸುಡುತ್ತದೆ, ಹೊತ್ತು ಮುಳುಗಿದ ಕೂಡಲೇ ಕೈ ಜೋಮು ಹಿಡಿಯುವ ಚಳಿ. ಇಲಿಗಳಿಗೂ ಇದೇ ಚಳಿ. ಬೇಸಿಗೆಯೆಲ್ಲ ತಾಳೆ ಮರದಲ್ಲೋ ಒಣಗಿದ ಹಳ್ಳದಲ್ಲೋ ಇದ್ದವು ಈಗ ಬೆಚ್ಚಗಿನ ಅಟ್ಟ ಹುಡುಕಿಕೊಂಡು ಮನೆಗಳ ಕಡೆ ಹೊರಡುತ್ತವೆ. ವಿಜಯಾಳ ಹಿತ್ತಲಲ್ಲಿ ಒಂದು ಕಿತ್ತಳೆ ಗಿಡವಿತ್ತು. ಹಣ್ಣೊಂದನ್ನು ಕೀಳಲು ಹೋದರೆ ಕೈಯಲ್ಲಿ ಬರೀ ಸಿಪ್ಪೆ ಬಂತು. ಒಂದು ಸಣ್ಣ ತೂತು ಮಾಡಿ, ಒಳಗಿನದನ್ನೆಲ್ಲ ತಿಂದು, ಸಿಪ್ಪೆಯನ್ನು ದುಂಡಗೆ ಹಾಗೇ ತೂಗಬಿಟ್ಟಿದ್ದವು. ಗದಗಿನ ಇಲಿಗಳಿಗೆ ಇಷ್ಟು ನಾಜೂಕಿಲ್ಲ. ಅವು ಚೀಲ ಹರಿಯುತ್ತವೆ, ಅರ್ಧ ತಿನ್ನುತ್ತವೆ, ಅರ್ಧ ಚೆಲ್ಲುತ್ತವೆ.

ಮನೆಯಲ್ಲಿ ವಿಜಯಾಳ ಗಂಡ ಸುಧೀರ, ಮಗಳು ಅನಿಕಾ. ಸುಧೀರ ಬೆಂಗಳೂರಿನ ಮೆತ್ತನೆ ಮನುಷ್ಯ, ಯಾರಿಗೂ ಎದುರಾಡುವವನಲ್ಲ. ಅನಿಕಾ ಹೈಸ್ಕೂಲಿನಲ್ಲಿ ಓದುತ್ತಾಳೆ. ನನ್ನ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಮ್ಮನ ಕೆಲಸದ ಬಗ್ಗೆ ನಿನಗೆ ಏನನಿಸುತ್ತದೆ ಎಂದು ಕೇಳಿದೆ. ಮೊದಲು ಅಮ್ಮ ಮನೆಗೆ ಬಂದು ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದಳು, ಈಗ ಮನೆಗೆ ಬಂದು ಸ್ನಾನ ಮಾಡಿ ಕಥೆ ಹೇಳುತ್ತಾಳೆ, ಎಂದಳು.

ನಾನು ಬಂದ ಕೆಲಸವನ್ನು ಮುಂದೂಡಬಾರದೆಂದು ಮಾರನೆಯ ದಿನವೇ ಬೀನ್ಸ್ ಸೋಸುತ್ತ ಕುಳಿತಾಗ, ನಿಮ್ಮಣ್ಣ ಒಂದು ಮಾತು ಹೇಳಿ ಕಳಿಸಿದ್ದಾರೆ ಎಂದೆ. ಹೇಳಿಬಿಡಿ, ಹೇಳದಿದ್ದರೆ ಅದು ನಿಮ್ಮ ಹೊಟ್ಟೆಯಲ್ಲೇ ಕೂತು ಕೊಳೆಯುತ್ತದೆ, ಎಂದಳು. ಅವರು ಹೇಳಿದ್ದನ್ನೆಲ್ಲ ಹೇಳಿದೆ. ಮನೆತನ, ಮಂದಿ, ಓದಿಸಿದ್ದು, ಎಲ್ಲ. ಅವಳು ಬೀನ್ಸಿನ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ.

ಕೆಲಸ ಹೋದ ಮೇಲೆ ಅವಳು ಎಷ್ಟೋ ಕಡೆ ಅಪ್ಲೈ ಮಾಡಿದ್ದಳಂತೆ. ಆ ದಿನಗಳಲ್ಲೇ ಅವಳ ಮನೆಯ ಅಟ್ಟಕ್ಕೆ ಇಲಿ ಸೇರಿಕೊಂಡವು. ಅವನ್ನು ಹಿಡಿಯಲು ಬಂದವಳು ಲೂಪೆ ಎನ್ನುವ ಮೆಕ್ಸಿಕೋ ಮೂಲದ ಹೆಂಗಸು. ಅವಳ ಸಹಾಯಕ ಅವತ್ತು ಬಂದಿರಲಿಲ್ಲ. ಟಾರ್ಚು ಹಿಡಿಯುತ್ತೀಯಾ ಎಂದು ಅವಳು ಕೇಳಿದಳು, ವಿಜಯಾ ಹಿಡಿದಳು. ಮಾರನೆಯ ವಾರ ಇನ್ನೊಂದು ಮನೆಗೂ ಹೋಗಿ ಹಿಡಿದಳು. ಈಗ ಇಬ್ಬರೂ ಪಾಲುದಾರರು. ಲೈಸೆನ್ಸು ಲೂಪೆಯದು, ವ್ಯಾನು ವಿಜಯಾಳದು.

"ವೈನಿ, ಅಷ್ಟು ವರ್ಷ ಆಫೀಸಿನ್ಯಾಗ ಕೆಲಸ ಮಾಡಿದೆ. ನಾ ಮಾಡಿದ್ದು ಯಾರ ಫೋನಿನ್ಯಾಗ ಹೋಗಿ ಸೇರ್ತು ಅಂತ ಇವತ್ತಿಗೂ ನನಗ ಗೊತ್ತಿಲ್ಲ" ಎಂದಳು. "ಇಲ್ಲಿ ಒಂದು ತೂತು ಮುಚ್ಚಿದ್ರ ಒಂದು ಮನಿ ಮಂದಿ ನಿದ್ದಿ ಮಾಡ್ತಾರ. ಅವರ ಮಾರಿ ನನಗ ಕಾಣ್ತೈತಿ. ನಾ ಇದನ್ನ ಬಿಡಂಗಿಲ್ಲ. ಅಣ್ಣಗ ಹಂಗ ಹೇಳ್ರಿ."

ಹೇಳುತ್ತೇನೆ, ಆದರೆ ನಾನೂ ಒಮ್ಮೆ ನೋಡಿ ಆಮೇಲೆ ಹೇಳುತ್ತೇನೆ ಎಂದೆ.

ಪೊವೇ, ಶೆಡ್ಡು

ಪೊವೇ ಪಕ್ಕದ ಊರು. ಅಲ್ಲಿನ ಬಿಸಿನೆಸ್ ಪಾರ್ಕಿನ ಹಿಂದುಗಡೆ ಇವರ ಶೆಡ್ಡಿದೆ. ತಂತಿ ಜಾಲರಿಯ ಸುರುಳಿಗಳು, ಸಿಮೆಂಟಿನ ಡಬ್ಬಿಗಳು, ಸ್ಪ್ರಿಂಗ್ ಬೋನುಗಳು, ಅವಕ್ಕೆ ಹಚ್ಚಲು ಶೇಂಗಾ ಬೆಣ್ಣೆಯ ದೊಡ್ಡ ಜಾಡಿಗಳು. ಶೇಂಗಾ ಹೋಳಿಗೆಯ ಒಂದು ಚೂರನ್ನು ಬೋನಿಗೆ ಇಟ್ಟು ನೋಡೋಣವೇ ಎಂದು ನಾನು ಕೇಳಿದಾಗ ವಿಜಯಾಳಿಗೆ ನಿಜಕ್ಕೂ ಸಿಟ್ಟು ಬಂತು. ಇಲಿಗೆ ಹಾಕಲು ಅಷ್ಟು ದೂರದಿಂದ ತಂದಿರೇನು ಎಂದಳು.

ಲೂಪೆ ನನ್ನ ವಯಸ್ಸಿನವಳು, ನನಗಿಂತ ಗಿಡ್ಡ, ನನಗಿಂತ ಗಟ್ಟಿ. ನನ್ನನ್ನು ತನ್ನ ಭಾಷೆಯಲ್ಲಿ ಸೆನ್ಯೋರಾ, ಅಂದರೆ ಅಮ್ಮಾವ್ರೇ, ಎನ್ನುತ್ತಿದ್ದಳು. ನನ್ನ ಇಂಗ್ಲಿಷು ಆಸ್ಪತ್ರೆಯ ಇಂಗ್ಲಿಷು. ನೋವೆಲ್ಲಿ, ಎಷ್ಟು ದಿನದಿಂದ, ಮಲಗಿರಿ, ಇಷ್ಟೇ. ಅವಳ ಇಂಗ್ಲಿಷೂ ಕೆಲಸದ್ದೇ. ಇಬ್ಬರಿಗೂ ಸಾಕಾಯಿತು. ಅವಳು ವಿಷ ಹಾಕುವುದಿಲ್ಲ. ವಿಷ ತಿಂದ ಇಲಿಯನ್ನು ಗೂಬೆ ತಿಂದರೆ ಗೂಬೆಯೂ ಸಾಯುತ್ತದೆ ಎಂದು ಕೈಯನ್ನು ರೆಕ್ಕೆ ಮಾಡಿ, ಕಣ್ಣು ಮುಚ್ಚಿ, ಕತ್ತು ವಾಲಿಸಿ ತೋರಿಸಿದಳು. ಬೋನಿಗೆ ಬಿದ್ದ ಇಲಿಯನ್ನು ಚೀಲಕ್ಕೆ ಹಾಕುವ ಮುನ್ನ ಎದೆಯ ಮೇಲೆ ಶಿಲುಬೆ ಗುರುತು ಮಾಡಿ ಅದಕ್ಕೆ ಏನೋ ಹೇಳುತ್ತಾಳೆ. ಏನು ಹೇಳುತ್ತೀ ಎಂದೆ. ನೀನು ಮನೆ ತಪ್ಪಿ ಬಂದೆ, ಹೋಗಿ ಬಾ, ಎನ್ನುತ್ತಾಳಂತೆ.

ನಾನು ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲುಚೀಲದಲ್ಲೇ ಓಡಾಡುತ್ತಿದ್ದೆ. ಹಳೆಯ ಅಭ್ಯಾಸ, ಯಾರ ಜಾಗಕ್ಕೆ ಹೋದರೂ ಬಿಡುವುದೇ. ಎಸೆಯಲೆಂದು ನೆಲದ ಮೇಲೆ ತೆಗೆದಿಟ್ಟಿದ್ದ ಅಂಟು ಹಲಗೆಯ ಮೇಲೆ ಕಾಲಿಟ್ಟೆ. ಇಲಿ ಅಂಟಿಕೊಳ್ಳಲಿ ಎಂದು ಮಾಡಿದ ಅಂಟು. ಬಿಡಿಸಲು ಇನ್ನೊಂದು ಕಾಲು ಊರಿದೆ, ಅದೂ ಅಂಟಿತು. ಲೂಪೆ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕಾಲುಚೀಲವನ್ನು ಕತ್ತರಿಸಿ ತೆಗೆದು, ಅಡುಗೆ ಎಣ್ಣೆ ಹಚ್ಚಿ ಅಂಗಾಲು ಉಜ್ಜಿದಳು. ಜೀವನವಿಡೀ ಬೇರೆಯವರ ಗಾಯ ತೊಳೆದವಳು ನಾನು. ಪರದೇಶದಲ್ಲಿ, ಹೆಸರು ಕೇಳಿ ಇನ್ನೂ ಒಂದು ಗಂಟೆಯಾಗದ ಹೆಂಗಸಿನ ತೊಡೆಯ ಮೇಲೆ ಕಾಲಿಟ್ಟು ಕೂತಿದ್ದೆ. ನನಗೆ ಸಂಕೋಚವಾಯಿತು, ಅವಳಿಗೆ ಆಗಲಿಲ್ಲ.

ಪೊವೇ, ಹಳ್ಳದ ದಂಡೆಯ ಮನೆ

ವಿಜಯಾ ಎಲ್ಲ ಬಲ್ಲವಳು ಎಂದು ಬರೆದರೆ ತಪ್ಪಾಗುತ್ತದೆ. ನನ್ನ ಕಣ್ಣೆದುರಿಗೇ ಅವಳು ಒಬ್ಬರ ಮನೆಯ ಮಾಳಿಗೆ ಒಡೆದಳು.

ಅದು ಒಣ ಹಳ್ಳದ ದಂಡೆಯ ಹಳೆಯ ಮನೆ. ವಾಲ್ಟರ್ ಎನ್ನುವ ಮುದುಕ ಒಬ್ಬನೇ ಇದ್ದ. ವಿಜಯಾ ಅಟ್ಟ ಹತ್ತಿದಳು. ಅಲ್ಲಿ ಅಟ್ಟವೆಂದರೆ ನಮ್ಮಲ್ಲಿಯಂತೆ ಹಲಗೆ ಹಾಸಿದ ಜಾಗವಲ್ಲ. ಅಡ್ಡಡ್ಡ ಮರದ ತೊಲೆಗಳು, ನಡುವೆ ಹತ್ತಿಯಂಥ ಹಾಸು, ಅದರ ಕೆಳಗೆ, ಕೋಣೆಗೆ ಸೂರಾಗಿ, ರಟ್ಟಿನಷ್ಟೇ ಗಟ್ಟಿಯಿರುವ ಮಾಳಿಗೆ. ತೊಲೆಯ ಮೇಲೇ ಕಾಲಿಡಬೇಕು. ನಾನು ಮತ್ತು ವಾಲ್ಟರ್ ಬೆಡ್‌ರೂಮಿನಲ್ಲಿ ತಲೆ ಎತ್ತಿಕೊಂಡು ನಿಂತಿದ್ದೆವು. ಧಡ್ ಎಂದು ಸದ್ದಾಯಿತು. ಮಾಳಿಗೆ ಸೀಳಿ, ಬಿಳಿ ಪುಡಿ ಉದುರಿ, ಮೊಣಕಾಲಿನವರೆಗೂ ಒಂದು ಕಾಲು ಕೆಳಗೆ ಇಳಿಬಿತ್ತು. ಬೂಟು ಸಮೇತ.

ನಮ್ಮೂರಿನಲ್ಲಾದರೆ ಮನೆಯ ಯಜಮಾನ ಮೊದಲು ಮಾಳಿಗೆ ನೋಡಿ ಬಾಯಿ ಮಾಡುತ್ತಿದ್ದ. ವಾಲ್ಟರ್ ಅಡುಗೆ ಮನೆಯಿಂದ ಎತ್ತರದ ಸ್ಟೂಲು ತಂದು ಆ ಕಾಲಿನ ಕೆಳಗೆ ಇಟ್ಟ. ಎಟುಕಲಿಲ್ಲ. ಸ್ಟೂಲಿನ ಮೇಲೆ ದಪ್ಪ ಪುಸ್ತಕಗಳನ್ನು ಪೇರಿಸಿದ. ಬೂಟು ಪುಸ್ತಕಕ್ಕೆ ತಾಗಿದಾಗ, ಈಗ ಒತ್ತು, ಎಂದು ಕೂಗಿ ಹೇಳಿದ. ವಿಜಯಾ ಅದರ ಮೇಲೆ ಭಾರ ಹಾಕಿ ಕಾಲು ಎಳೆದುಕೊಂಡಳು.

ಮೊಣಕಾಲ ಕೆಳಗೆ ಉದ್ದಕ್ಕೆ ಸೀಳಿತ್ತು. ನಾನು ತೊಳೆದು, ಅವಳ ವ್ಯಾನಿನ ಪೆಟ್ಟಿಗೆಯಲ್ಲಿದ್ದ ಪಟ್ಟಿ ಕಟ್ಟಿದೆ. ಅವಳು ಅಳುತ್ತಾಳೆಂದುಕೊಂಡಿದ್ದೆ. ಅವಳು ವಾಲ್ಟರನ ಹತ್ತಿರ ಹೋಗಿ, ತಪ್ಪು ನನ್ನದು, ನಾಳೆ ಬಂದು ನಾನೇ ಸರಿಮಾಡುತ್ತೇನೆ ಎಂದು ಹೇಳಿ, ಕಾಫಿ ಕುಡಿದು, ಮತ್ತೆ ಏಣಿ ಹತ್ತಿದಳು. ಬಂದ ಕೆಲಸ ಮುಗಿದಿಲ್ಲವಲ್ಲ ಎಂದಳು. ಮಾರನೆಯ ದಿನ ಬಂದು ಮಾಳಿಗೆಗೆ ತೇಪೆ ಹಾಕಿ ಬಣ್ಣ ಬಳಿದಳು. ತೇಪೆ ಎದ್ದು ಕಾಣುತ್ತಿತ್ತು. ವಾಲ್ಟರ್ ಅದರ ಕೆಳಗೆ ನಿಂತು, ಈಗ ಈ ಕೋಣೆಗೊಂದು ಕಥೆಯಾಯಿತು ಎಂದ.

ಅವತ್ತು ನಮ್ಮ ಮನೆಯವರ ಫೋನು ಬಂದಾಗ ನಾನು ಕಾಲಿನ ವಿಷಯ ಹೇಳಲಿಲ್ಲ. ಮಾತಾಡಿದೆಯಾ ಎಂದರು. ಇನ್ನೂ ನೋಡುತ್ತಿದ್ದೇನೆ ಎಂದೆ.

ಫೋರ್ ಎಸ್ ರ್ಯಾಂಚ್, ಒಂದು ಫೋನು

ದೀಪಾವಳಿಗೆ ಒಂದು ವಾರವಿತ್ತು. ವಿಜಯಾ ಹಿಟ್ಟು ನಾದುತ್ತಿದ್ದಾಗ ಸುಮಂಗಲಾಳ ಫೋನು ಬಂತು. ಕೈಗೆ ಹಿಟ್ಟು ಮೆತ್ತಿದ್ದರಿಂದ ಸ್ಪೀಕರಿಗೆ ಹಾಕಿದಳು. ಸುಮಂಗಲಾ ಎಂದರೆ ಸುಧೀರನ ಕಾಲೇಜು ಗೆಳೆಯ ಪ್ರಸಾದನ ಹೆಂಡತಿ. ಲಾಸ್ ಏಂಜಲೀಸಿನ ಉತ್ತರಕ್ಕೆ ಪೋರ್ಟರ್ ರ್ಯಾಂಚಿನಲ್ಲಿ ಗುಡ್ಡದ ಮೇಲೆ ಹೊಸ ಮನೆ ತೆಗೆದುಕೊಂಡಿದ್ದಾರೆ. ಈ ಸಲದ ದೀಪಾವಳಿ ಊಟ ಅವರ ಮನೆಯಲ್ಲಿ, ಬಳಗದವರಿಗೆಲ್ಲ ಕರೆ ಹೋಗಿತ್ತು.

ಮೊದಲು ಅಡುಗೆಯ ಮಾತಾಯಿತು. ಆಮೇಲೆ ಅವಳ ದನಿ ತಗ್ಗಿತು. ಅಟ್ಟದಲ್ಲಿ ಇಲಿ ಸೇರಿಕೊಂಡಿವೆ ಎಂದಳು. ಪ್ರಸಾದನಿಗೂ ಹೇಳಿಲ್ಲವಂತೆ. ಈ ಮನೆಯೇ ಬೇಕೆಂದು ಹಟ ಹಿಡಿದವಳು ತಾನು, ಹೊಸ ಮನೆಗೆ ಇಲಿ ಬಂತೆಂದರೆ ಎಲ್ಲರೂ ಏನೆಂದುಕೊಳ್ಳುತ್ತಾರೆ ಎಂದಳು.

"ಕತ್ತಲಾದ ಮೇಲೆ ಬಾ ಕಣೆ. ಸುಧೀರನ ಕಾರಲ್ಲಿ ಬಾ, ನಿನ್ನ ವ್ಯಾನ್ ಬೇಡ ಪ್ಲೀಸ್. ಅಡುಗೆಗೆ ಹೆಲ್ಪ್ ಮಾಡೋಕೆ ಬಂದಿದ್ದಾಳೆ ಅಂತ ನಾನು ಹೇಳ್ಕೋತೀನಿ."

ವಿಜಯಾ ಕೈಯ ಹಿಟ್ಟು ಉಜ್ಜಿ ಉಜ್ಜಿ ತೆಗೆದಳು.

"ಸುಮಂಗಲಾ, ಕತ್ತಲಾದ ಮ್ಯಾಲೆ ಬರಾಕ ನಾ ಕಳ್ಳಿ ಅಲ್ಲ. ನಾಳೆ ಹಗಲಾಗ ಬರ್ತೀನಿ, ವ್ಯಾನ್ ತಗೊಂಡs ಬರ್ತೀನಿ. ಅದನ್ನ ನಿನ್ನ ಮನಿ ಮುಂದ ನಿಲ್ಲಸ್ತೀನಿ."

ಹಾಗಾದರೆ ಇರಲಿ ಬಿಡು, ಹಬ್ಬ ಕಳೆಯಲಿ, ಬೇರೆ ಯಾರನ್ನಾದರೂ ನೋಡುತ್ತೇನೆ ಎಂದಳು ಸುಮಂಗಲಾ. ಊಟಕ್ಕೆ ಮಾತ್ರ ತಪ್ಪಿಸಬೇಡಿ, ಆಂಟಿಯನ್ನೂ ಕರೆದುಕೊಂಡು ಬನ್ನಿ, ಪಾರ್ಕಿಂಗ್ ಕಷ್ಟ, ಕಾರಿನಲ್ಲೇ ಬನ್ನಿ, ಎಂದು ಫೋನಿಟ್ಟಳು.

ಒಂದು ದಿನದ ಮಾತು, ಕಾರಿನಲ್ಲಿ ಹೋದರೆ ಗಂಟೇನು ಹೋಗುತ್ತದೆ ಎಂದ ಸುಧೀರ. ಹಬ್ಬದ ದಿನ ವಿಜಯಾ ಇಳಕಲ್ ಸೀರೆ ಉಟ್ಟು, ಹೂವು ಮುಡಿದು ಹೊರಬಂದು ನೇರ ವ್ಯಾನು ಹತ್ತಿದಳು. ಸುಧೀರ ಕಾರಿನ ಬಾಗಿಲು ತೆರೆದು ನನ್ನ ಮುಖ ನೋಡಿದ. ನಮ್ಮ ಮನೆಯವರು ನನ್ನನ್ನು ಯಾವ ಕೆಲಸಕ್ಕೆ ಕಳಿಸಿದ್ದರೋ ಅದು ನನಗೆ ಮರೆತಿರಲಿಲ್ಲ. ಆದರೆ ತನ್ನ ಮನೆಯ ಇಲಿ ಹಿಡಿಯಲು ಕರೆದವಳೇ ಹಿಡಿಯುವವಳನ್ನು ಮುಚ್ಚಿಡು ಎನ್ನುವುದು ನನಗೆ ನುಂಗಲಾಗಲಿಲ್ಲ. ನಾನೂ ವ್ಯಾನು ಹತ್ತಿದೆ. ಸುಧೀರ ಮಗಳನ್ನು ಕೂರಿಸಿಕೊಂಡು ನಮ್ಮ ಹಿಂದೆ ಕಾರಿನಲ್ಲಿ ಬಂದ.

ಪೋರ್ಟರ್ ರ್ಯಾಂಚ್, ಹಬ್ಬದೂಟ

ಆ ಬೀದಿಯಲ್ಲಿ ಕಸದ ಡಬ್ಬಿ ಕೂಡ ಹೊರಗೆ ಕಾಣುವುದಿಲ್ಲ. ಗುಡ್ಡದ ಮೇಲಿನಿಂದ ಒಣ ಗಾಳಿ ಬೀಸುತ್ತಿತ್ತು, ಸೆರಗು ನಿಲ್ಲುತ್ತಿರಲಿಲ್ಲ. ವಿಜಯಾ ವ್ಯಾನನ್ನು ಮನೆಯ ಬಾಗಿಲಿಗೆ ನೇರವಾಗಿ, ಇಲಿಯ ಚಿತ್ರ ಬೀದಿಗೆ ಕಾಣುವ ಹಾಗೆ ನಿಲ್ಲಿಸಿದಳು. ಪಾರ್ಕಿಂಗಿಗೆ ಬೇಕಾದಷ್ಟು ಜಾಗವಿತ್ತು. ಸುಮಂಗಲಾ ಬಾಗಿಲಿಗೆ ಬಂದು ವ್ಯಾನು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿ, ಬನ್ನಿ ಆಂಟಿ, ಎಂದು ನಕ್ಕಳು. ಒಳಗೆ ಒಬ್ಬ ದೊಡ್ಡ ಹೊಟ್ಟೆಯ ಇಂಜಿನಿಯರು, ಏನು ವಿಜಯಾ, ಹಬ್ಬದ ದಿನವೂ ಡ್ಯೂಟಿಯಾ, ಎಂದ. ಸುತ್ತ ಇದ್ದವರು ನಕ್ಕರು. ವಿಜಯಾ, ಇಲಿಗಳಿಗೆ ರಜೆ ಇಲ್ಲವಲ್ಲ ಎಂದು ಹೇಳಿ ಕೋಸಂಬರಿ ಬಡಿಸಲು ಹೋದಳು.

ಪ್ರಸಾದನ ತಾಯಿ ಕಮಲಮ್ಮ ಮೈಸೂರಿನವರು, ಮಗನ ಮನೆಗೆ ಬಂದು ಕೆಲವು ತಿಂಗಳಾಗಿತ್ತು. ಅವರು ಕೆಳಗೆ ಕಾಣಲಿಲ್ಲ. ಅತ್ತೆಗೆ ಇತ್ತೀಚೆಗೆ ಅಷ್ಟು ಹುಷಾರಿಲ್ಲ, ಜನ ಜಾಸ್ತಿಯಾದರೆ ಸುಸ್ತಾಗುತ್ತಾರೆ ಎಂದಳು ಸುಮಂಗಲಾ. ನಾನು ತಟ್ಟೆಯಲ್ಲಿ ಒಬ್ಬಟ್ಟು ಇಟ್ಟುಕೊಂಡು ಮಹಡಿಯ ಅವರ ಕೋಣೆಗೆ ಹೋದೆ.

ಬಿಳಿ ಕೂದಲು, ನೆಟ್ಟಗೆ ಕೂತ ಬೆನ್ನು, ತೊಳೆದ ಹಾಗಿದ್ದ ಕಣ್ಣು. ಸುಸ್ತಾದವರ ಹಾಗೆ ಕಾಣಲಿಲ್ಲ. ಒಬ್ಬಟ್ಟು ಪಕ್ಕಕ್ಕಿಟ್ಟು ನನ್ನನ್ನು ಹತ್ತಿರ ಕೂರಿಸಿಕೊಂಡರು.

"ನೀವು ನರ್ಸ್ ಅಂತೆ. ಒಂದು ಮಾತು ಕೇಳ್ತೀನಿ, ನಿಜ ಹೇಳಿ. ವಯಸ್ಸಾದ್ರೆ ಇಲ್ಲದೇ ಇರೋ ಸದ್ದು ಕೇಳ್ಸತ್ತಾ?"

ಏನು ಸದ್ದು ಎಂದು ಕೇಳಿದೆ. ರಾತ್ರಿ ತಲೆಯ ಮೇಲೆ ಯಾರೋ ಓಡಿದ ಹಾಗೆ, ಏನನ್ನೋ ಉರುಳಿಸಿದ ಹಾಗೆ, ಕೆರೆದ ಹಾಗೆ. ಮಗನಿಗೆ ಹೇಳಿದರೆ ಅದು ಗುಡ್ಡದ ಗಾಳಿ ಎಂದನಂತೆ. ಮತ್ತೆ ಮತ್ತೆ ಹೇಳಿದಾಗ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕಿವಿ ಚೆನ್ನಾಗಿತ್ತು. ಅದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾಯಿತು. ಆಮೇಲೆ ಇನ್ನೊಬ್ಬ ಡಾಕ್ಟರು, ಬುದ್ಧಿ ನೆಟ್ಟಗಿದೆಯೇ ಎಂದು ನೋಡಲು, ಇವತ್ತು ಯಾವ ವಾರ ಎಂದು ಕೇಳಿದರು, ಒಂದು ಗಡಿಯಾರದ ಚಿತ್ರ ಬರೆಸಿದರು.

"ಬರೆದೆ. ಮುಳ್ಳು ಸಮೇತ ಬರೆದೆ. ಆದ್ರೂ ಈಗ ನನ್ನನ್ನ ಗ್ಯಾಸ್ ಹಚ್ಚೋಕೆ ಬಿಡಲ್ಲ. ಕಾಫಿ ಬೇಕಾದ್ರೂ ಇನ್ನೊಬ್ಬರನ್ನ ಕೇಳ್ಬೇಕು. ನನಗೇ ಈಗ ಅನುಮಾನ ಬಂದ್ಬಿಟ್ಟಿದೆ."

ನನ್ನ ಮೈ ಉರಿದುಹೋಯಿತು. ಬುದ್ಧಿ ಮಂಜಾದವರನ್ನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಈ ಹೆಂಗಸಿಗೆ ಅದಾಗಿರಲಿಲ್ಲ. ಇವರ ತಲೆಯ ಮೇಲೆ ಇಲಿ ಓಡುತ್ತಿದ್ದವು. ಅದು ಈ ಮನೆಯಲ್ಲಿ ಒಬ್ಬಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಿಮಗೆ ಏನೂ ಆಗಿಲ್ಲ, ಸ್ವಲ್ಪ ಹೊತ್ತು ಇರಿ, ಎಂದು ಹೇಳಿ ಕೆಳಗಿಳಿದು, ಅಡುಗೆ ಮನೆಯಲ್ಲಿ ವಿಜಯಾಳ ಕಿವಿಯಲ್ಲಿ ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಕೆಳಗಿಟ್ಟಳು. ಕೈ ತೊಳೆದುಕೊಂಡು ಹೊರಗೆ ಹೋದಳು.

ಬಂದಾಗ ಇಳಕಲ್ ಸೀರೆಯನ್ನು ಮೇಲೆತ್ತಿ ಕಟ್ಟಿ, ಅದರ ಮೇಲೆಯೇ ನೀಲಿ ಮೇಲಂಗಿ ತೊಟ್ಟಿದ್ದಳು. ಹೆಗಲ ಮೇಲೆ ಏಣಿ. ತಲೆಯಲ್ಲಿ ಹೂವು ಹಾಗೇ ಇತ್ತು. ತಟ್ಟೆ ಹಿಡಿದವರೆಲ್ಲ ಗೋಡೆಗೆ ಸರಿದು ದಾರಿ ಬಿಟ್ಟರು. ಸುಮಂಗಲಾ ಮೆಟ್ಟಿಲ ಬುಡದಲ್ಲಿ ಅಡ್ಡ ಬಂದಳು.

"ಈಗ ಬೇಡ ವಿಜಯಾ. ಎಲ್ಲಾರೂ ಇದ್ದಾರೆ."

"ಎಲ್ಲಾರೂ ಇದ್ದಾಗs ಆಗಬೇಕು. ಬಾಜೂಕ ಸರಿ."

ಸುಮಂಗಲಾ ಸರಿದಳು. ಪ್ರಸಾದ ಮಹಡಿ ಹತ್ತಿ ನಮ್ಮ ಹಿಂದೆಯೇ ಬಂದ, ಅದು ಗಾಳಿಯ ಸದ್ದು, ಅಮ್ಮನಿಗೆ ಇತ್ತೀಚೆಗೆ ಸ್ವಲ್ಪ, ಎಂದು ಮಾತು ನಿಲ್ಲಿಸಿದ. ನೋಡಿದರೆ ತಿಳಿಯುತ್ತದಲ್ಲ ಎಂದಳು ವಿಜಯಾ. ಕಮಲಮ್ಮನ ಬಟ್ಟೆ ಕಪಾಟಿನ ಮೇಲ್ಗಡೆ ಅಟ್ಟದ ಬಾಗಿಲಿತ್ತು. ನಾನು ಏಣಿ ಹಿಡಿದೆ. ಮುಖಕ್ಕೆ ಮಾಸ್ಕ್ ಕಟ್ಟಿ ಅವಳು ಹತ್ತಿದಳು. ಅವಳ ಕಾಲಿನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ತೊಲೆ ನೋಡಿ ಕಾಲಿಡು ಎಂದಷ್ಟೇ ಹೇಳಿದೆ. ಕೋಣೆಯ ಬಾಗಿಲಲ್ಲಿ, ಮೆಟ್ಟಿಲಿನುದ್ದಕ್ಕೂ ಜನ ನಿಂತಿದ್ದರು. ಕಮಲಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಮಾಳಿಗೆಯನ್ನೇ ನೋಡುತ್ತಿದ್ದರು.

ವಿಜಯಾ ಇಳಿದು ಬಂದಾಗ ಕೈಯಲ್ಲಿ ಒಂದು ಗೂಡಿತ್ತು. ಕಡಿದ ಕಾಗದ, ಹತ್ತಿ, ಕಿತ್ತಳೆ ಸಿಪ್ಪೆ, ಅಕ್ರೋಟಿನ ಚಿಪ್ಪು. ಅದನ್ನು ಕಮಲಮ್ಮನ ಮುಂದೆ ಹಿಡಿದಳು.

"ಅಜ್ಜಿ, ಗಾಳಿ ಅಲ್ರಿ. ಇಲಿ ಅವ, ಒಂದಲ್ಲ. ಈ ಚಿಪ್ಪು ಉರುಳಸ್ತಾವ, ಅದs ಸದ್ದು. ನೀವು ಕೇಳಿದ್ದು ಖರೆ."

ಕಮಲಮ್ಮ ಗೂಡನ್ನು ನೋಡಲಿಲ್ಲ. ಮಗನನ್ನು ನೋಡಿದರು. ಗೆದ್ದೆ ಎನ್ನುವ ನೋಟ ಅದಲ್ಲ. ಬಹಳ ದಿನದಿಂದ ಹೊತ್ತ ಕೊಡ ಇಳಿಸಿದವರ ಮುಖ. ಪ್ರಸಾದ ಬಂದು ತಾಯಿಯ ಪಕ್ಕದಲ್ಲಿ ಕುಳಿತ, ಆದರೆ ಅವರ ಕೈ ಹಿಡಿಯಲು ಅವನಿಗೆ ಧೈರ್ಯವಾಗಲಿಲ್ಲ.

ಆಗ ಬಾಗಿಲಲ್ಲಿದ್ದ ಸುಮಂಗಲಾ, ನನಗೆ ಮೊದಲೇ ಗೊತ್ತಿತ್ತು, ಎಂದಳು. ಗಂಡನಿಗೆ ಹೇಳಿದ್ದು, ಆದರೆ ಎಲ್ಲರಿಗೂ ಕೇಳಿಸಿತು. ಡಾಕ್ಟರ ಹತ್ತಿರ ಹೋದಾಗಲೂ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ ಎಂದಳು. ಅವಳು ಮಾಡಿದ್ದು ಸಣ್ಣದಲ್ಲ. ಆದರೆ ಅಷ್ಟು ಜನರ ಮುಂದೆ ಅದನ್ನು ಹೇಳಲು ಅವಳಿಗೂ ಎದೆ ಬೇಕಾಯಿತು, ಅದನ್ನೂ ಇಲ್ಲಿ ಬರೆಯಬೇಕು. ಕಮಲಮ್ಮ ಎದ್ದು, ಸೆರಗು ಸರಿಮಾಡಿಕೊಂಡು, ಮೆಟ್ಟಿಲ ಮೇಲಿನ ಜನರ ನಡುವೆ ಇಳಿದು ಹೋಗಿ, ಅಡುಗೆ ಮನೆಯಲ್ಲಿ ಗ್ಯಾಸ್ ಹಚ್ಚಿ ಕಾಫಿಗೆ ಹಾಲಿಟ್ಟರು. ಯಾರೂ ತಡೆಯಲಿಲ್ಲ.

ಕೆಲವರು ಊಟ ಅರ್ಧಕ್ಕೆ ಬಿಟ್ಟು ಹೊರಟರು. ನಾವು ಹೊರಡುವಾಗ ಆ ದೊಡ್ಡ ಹೊಟ್ಟೆಯ ಇಂಜಿನಿಯರು ವ್ಯಾನಿನ ಹತ್ತಿರ ಬಂದು, ಅತ್ತಿತ್ತ ನೋಡಿ, ತಮ್ಮ ಗ್ಯಾರೇಜಿನಲ್ಲೂ ಏನೋ ಓಡಾಡುತ್ತದೆ, ನಾರ್ಮಲ್ ಕಾರಿನಲ್ಲಿ ಬರಲಿಕ್ಕಾಗುತ್ತದಾ ಎಂದು ಕೇಳಿದ.

"ಆಗಂಗಿಲ್ಲ್ರಿ" ಎಂದು ವಿಜಯಾ ವ್ಯಾನು ಸ್ಟಾರ್ಟ್ ಮಾಡಿದಳು.

ಪೋರ್ಟರ್ ರ್ಯಾಂಚ್, ಮತ್ತೆ ಹಗಲಿನಲ್ಲಿ

ಮಾರನೆಯ ದಿನ ಪ್ರಸಾದನೇ ಫೋನು ಮಾಡಿ, ವ್ಯಾನು ತೆಗೆದುಕೊಂಡೇ ಬನ್ನಿ ಎಂದ. ಹೊರಡುವ ಮುಂಚೆ ನಾನು ನಮ್ಮ ಮನೆಯವರಿಗೆ ಫೋನು ಮಾಡಿದೆ. ಬಿಡಿಸಿದೆಯಾ ಎಂದರು.

"ಇಲ್ರಿ. ಬಿಡಸಂಗೂ ಇಲ್ಲ. ಇವತ್ತ ನಾನೂ ಆಕಿ ಜೋಡಿ ಕೆಲಸಕ್ಕ ಹೊಂಟೀನಿ. ಯಾರರ ಕೇಳಿದ್ರ ಹಂಗs ಹೇಳ್ರಿ."

ಇಲಿ ಕಚ್ಚುತ್ತವೇನು, ಎಂದು ಅವರು ಕೇಳಿದರು. ಬೂಟು ಹಾಕಿಕೊಂಡಿದ್ದೇನೆ ಎಂದೆ. ಹುಷಾರು ಎಂದರು. ಒಪ್ಪಿಗೆ ಅದಲ್ಲ, ನಾನು ಕೇಳಿಯೂ ಇರಲಿಲ್ಲ.

ಲೂಪೆ ಹೆಂಚಿನ ಮೇಲೆ, ವಿಜಯಾ ಅಟ್ಟದಲ್ಲಿ, ನಾನು ಕೆಳಗೆ, ತೂತು ಮುಚ್ಚಲು ಜಾಲರಿ ಕತ್ತರಿಸಿ ಮೇಲೆ ಕೊಡುತ್ತ ನಿಂತಿದ್ದೆ. ಹೆಂಚಿನ ಮಾಡಿಗೆ ತಾಗಿದ್ದ ಹಿತ್ತಲ ಕಿತ್ತಳೆ ಗಿಡದ ಕೊಂಬೆಗಳನ್ನು ಪ್ರಸಾದ ತಾನೇ ಕಡಿದ. ಹನ್ನೆರಡಕ್ಕೆ ಸರಿಯಾಗಿ ಲೂಪೆ ಹೆಂಚಿನ ಮೇಲೆಯೇ ಬುತ್ತಿ ಬಿಚ್ಚಿ ಕೂತಳು, ಎಲ್ಲಿದ್ದರೂ ಆ ಹೊತ್ತಿಗೆ ಅವಳು ಉಣ್ಣಬೇಕು. ಸುಮಂಗಲಾ ಅಂಗಳಕ್ಕೆ ಬಂದು ತಲೆ ಎತ್ತಿ, ಕೆಳಗೆ ಬಂದು ಉಣ್ಣಿ, ಎಂದು ಕರೆದಳು. ಲೂಪೆ ಮೇಲಿನಿಂದಲೇ ಕೈ ಬೀಸಿದಳು. ಸುಮಂಗಲಾ ತಿರುಗಿ ಹೋಗುವಾಗ ಬೀದಿಯ ಕಡೆ ನೋಡಿದಳು, ಆದರೆ ಒಳಗೆ ಓಡಲಿಲ್ಲ.

ಕಮಲಮ್ಮ ಗ್ಯಾರೇಜಿನಿಂದ ಒಂದು ಮಡಚುವ ಕುರ್ಚಿ ಎಳೆದುಕೊಂಡು ಬಂದರು. ಎಳೆಯುವ ಸದ್ದಿಗೆ ಪ್ರಸಾದ ಬಂದು ತೆಗೆದುಕೊಳ್ಳಲು ಹೋದ, ಕೊಡಲಿಲ್ಲ. ಅದನ್ನು ಅಂಗಳ ದಾಟಿಸಿ, ಫುಟ್‌ಪಾತಿನ ಅಂಚಿಗೆ, ವ್ಯಾನಿನ ಪಕ್ಕಕ್ಕೆ ಹಾಕಿ ಕೂತರು. ನಾಯಿ ಹಿಡಿದುಕೊಂಡು ಬಂದ ಒಬ್ಬ ಬಿಳಿಯ ಹೆಂಗಸು ನಿಂತು, ಏಣಿ ನೋಡಿ, ಏನಾಗುತ್ತಿದೆ ಎಂದು ಕೇಳಿದಳು. ಕಮಲಮ್ಮ ತಮಗೆ ಬರುವ ಇಂಗ್ಲಿಷಿನಲ್ಲಿ, ರ್ಯಾಟ್, ಮೆನಿ, ಎಂದರು. ಬೆರಳು ಎತ್ತಿ ತಮ್ಮದೇ ಮನೆಯ ಮಾಡು ತೋರಿಸಿದರು. ಆ ಹೆಂಗಸು ತಲೆಯಾಡಿಸಿ ನಾಯಿ ಎಳೆದುಕೊಂಡು ಮುಂದೆ ಹೋದಳು. ಆಕಾಶವೇನೂ ಕಳಚಿ ಬೀಳಲಿಲ್ಲ.

ಬಿಸಿಲು ಜಾಸ್ತಿಯಾಯಿತು, ಒಳಗೆ ಬಾ ಅಮ್ಮ, ಎಂದ ಪ್ರಸಾದ.

"ಬರಲ್ಲ. ಇವರ ಕೆಲಸ ಮುಗಿಯೋವರೆಗೂ ಇಲ್ಲೇ ಕೂತಿರ್ತೀನಿ. ನೋಡೋರು ನೋಡಲಿ" ಎಂದರು ಕಮಲಮ್ಮ.

ನಾನು ಸಿಮೆಂಟಿನ ಖಾಲಿ ಡಬ್ಬಿಯೊಂದನ್ನು ಬೋರಲು ಹಾಕಿಕೊಂಡು ಅವರ ಪಕ್ಕದಲ್ಲಿ, ಬೀದಿಗೆ ಮುಖ ಮಾಡಿ ಕುಳಿತೆ.